ಪಕ್ಕದ ಸೀಟಿನ ಭಾರ

ಹೆಂಡತಿ ತೀರಿಹೋದ ವರ್ಷವೇ ನನ್ನ ಹಳೆಯ ಜೀಪಿನ ಮುಂದಿನ ಸ್ಪ್ರಿಂಗ್ ಪಾಟಾಗಳು, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳು, ಕುಸಿದವು. ಅಥಣಿಯ ಮಿಸ್ತ್ರಿ ನನ್ನನ್ನು ಕೇಳದೆಯೇ ಎರಡೂ ಕಡೆ ಒಂದೊಂದು ಪಾಟಾ ಹೆಚ್ಚಿಗೆ ಸೇರಿಸಿ ಬಿಗಿದ. ನಮ್ಮ ಕಡೆ ಜೀಪೆಂದರೆ ಮುಂದೆಯೇ ನಾಲ್ಕು ಮಂದಿ ಒತ್ತಿ ಕೂರುತ್ತಾರೆ. ಅಷ್ಟು ಭಾರಕ್ಕೆಂದು ಅವನ ಅಂದಾಜು. ನಾನು ಒಬ್ಬನೇ ಕಾಗವಾಡಕ್ಕೆ ಹೊರಟೆ. ತಗ್ಗು ಸಿಕ್ಕಲ್ಲೆಲ್ಲ ಜೀಪು ಮಸ್ತಿ ಬಂದ ಹೋರಿಯಂತೆ ಜಿಗಿದು ನನ್ನ ಸೊಂಟ ಮುರಿಯಿತು. ತಿರುಗಿ ಹೋಗಿ ಮಿಸ್ತ್ರಿಯ ಮೇಲೆ ರೇಗಿದೆ.

"ಗಾಡಿ ಬರೋಬ್ಬರಿ ಐತ್ರಿ. ಬಾಜೂಕ ಮಂದೀನ ಕುಂದರಸ್ರಿ, ಮೆತ್ತಗ ಓಡತೈತಿ," ಎಂದ.

ಯಾರನ್ನು ಕೂರಿಸಲಿ? ಪಕ್ಕದಲ್ಲಿ ಹೆಂಡತಿ ಕೂರುತ್ತಿದ್ದ ಸೀಟಿನಲ್ಲಿ ಉಸುಕಿನ ಚೀಲ ಇಟ್ಟೆ. ಜೀಪು ನಿಜಕ್ಕೂ ಮೆತ್ತಗೆ ಓಡಿತು. ಆದರೆ ಎಷ್ಟು ಜೋರಾಗಿ ಓಡಿಸಿದರೂ, ಅವಳಂತೆ "ಸಾವಕಾಶ ಹೊಡೀರಿ" ಎಂದು ಆ ಚೀಲ ಒಮ್ಮೆಯೂ ಗದರಲಿಲ್ಲ.