ಬಟಾಣಿಯಷ್ಟು ಪೊಟ್ಯಾಸಿಯಂ

ರಸಾಯನಶಾಸ್ತ್ರದ ಮೇಷ್ಟ್ರು ಮಹಾ ಪುಕ್ಕಲು. ಕುಕ್ಕರ್ ಸೀಟಿ ಹಾಕುವ ಮೊದಲೇ ಅಡುಗೆಮನೆ ಬಿಟ್ಟು ಬಾಗಿಲಾಚೆ ಹೋಗಿ ನಿಲ್ಲುವ ಪೈಕಿ. ಅವರ ಹೆಂಡತಿಯೋ ಬಸ್ ಕಂಡಕ್ಟರ್. ಒಂದು ಗದರಿಕೆಗೆ ತುಂಬಿದ ಬಸ್ಸು ಹಿಂದಕ್ಕೆ ಸರಿಯಬೇಕು, ಅಂಥ ಗಂಟಲು.

ಅಂಗಿಗೆ ಯಾವಾಗಲೂ ಸೀಮೆಎಣ್ಣೆ ವಾಸನೆ ಯಾಕೆಂದು ಆಕೆ ಕೇಳಿದರೆ ಮೇಷ್ಟ್ರು ಹೇಳುತ್ತಿದ್ದರು: "ಸೋಡಿಯಂನ ಅದ್ರಲ್ಲೇ ಮುಳುಗಿಸಿಡ್ಬೇಕು ಕಣೆ. ಚಾಕು ಹಾಕಿದ್ರೆ ಬೆಣ್ಣೆ ಥರ ತುಂಡಾಗೋ ಲೋಹ ಅದು. ನೀರಿಗೆ ಹಾಕಿದ್ರೆ ತೇಲತ್ತೆ."

"ಲೋಹ ತೇಲತ್ತಾ? ನನ್ನ ಕಿವಿಗೆ ಹೂ ಇಡ್ಬೇಡಿ."

ಆ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಕೆ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಗಾಜಿನ ತೊಟ್ಟಿಯ ನೀರಿಗೆ, ಕ್ಷಾರ ಸೇರಿದರೆ ಗುಲಾಬಿಯಾಗುವ ದ್ರಾವಣವನ್ನು ನಾಲ್ಕು ಹನಿ ಬಿಟ್ಟರು. ಲಿಥಿಯಂ ಚೂರು ಸದ್ದಿಲ್ಲದೆ ಗುಳ್ಳೆ ಬಿಟ್ಟಿತು, ನೀರು ನಸುಗುಲಾಬಿಯಾಯಿತು. ಸೋಡಿಯಂ ಕರಗಿ ಗುಂಡಗಾಗಿ, ಬಾಲ ಸುಟ್ಟ ಬೆಕ್ಕಿನಂತೆ ನೀರ ಮೇಲೆಲ್ಲ ಓಡಾಡಿತು. ನೀರು ಗಾಢ ಗುಲಾಬಿಯಾಯಿತು.

"ಈ ಸಾಲಲ್ಲಿ ಕೆಳಗೆ ಹೋದಷ್ಟೂ ಸಿಟ್ಟು ಜಾಸ್ತಿ," ಎಂದು ಗೋಡೆಯ ಆವರ್ತಕ ಕೋಷ್ಟಕ ತೋರಿಸುತ್ತಾ ಮೇಷ್ಟ್ರು ಅಕ್ಕಿಕಾಳಿನಷ್ಟು ಪೊಟ್ಯಾಸಿಯಂ ಕೊಯ್ದರು.

"ರೀ, ಹಿಂದಿರೋರಿಗೆ ಏನೂ ಕಾಣಲ್ಲ. ಕೈ ಬಿಚ್ಚಿ ಹಾಕಿ."

ಮಕ್ಕಳು ಕಿಸಕ್ಕನೆ ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಹುಟ್ಟಿದಾಗಿನಿಂದ ಮಾಡದ ಕೆಲಸವನ್ನು ಅವರು ಆ ಗಳಿಗೆಯಲ್ಲಿ ಮಾಡಿದರು: ಬಟಾಣಿಯಷ್ಟು ದೊಡ್ಡ ಚೂರು ಕೊಯ್ದು ನೀರಿಗೆ ಹಾಕಿದರು.

ನೇರಳೆ ಜ್ವಾಲೆ ಭುಗಿಲೆದ್ದಿತು. ಢಂ ಎಂದಿತು. ಮಕ್ಕಳ ಮುಂದೆ ಗಾಜಿನ ತಡೆಯಿತ್ತು. ಆದರೆ ಚೆನ್ನಾಗಿ ಕಾಣಲೆಂದು ಅದರ ಪಕ್ಕಕ್ಕೆ ಬಂದು ನಿಂತಿದ್ದ ಹೆಡ್‌ಮಾಸ್ಟರರ ಬಿಳಿ ಅಂಗಿಯ ತೋಳು ಗುಲಾಬಿಯಾಯಿತು. ಎಲ್ಲರಿಗಿಂತ ಮೊದಲು ಓಡಿಬಂದವಳು ಕಂಡಕ್ಟರಮ್ಮ. ಕೈ ಉರಿದೀತೆಂದು ಹೆಡ್‌ಮಾಸ್ಟರರನ್ನು ನಲ್ಲಿಯ ಕೆಳಗೆ ಎಳೆದು ನಿಲ್ಲಿಸಿ ತೋಳಿಗೆ ನೀರು ಬಿಟ್ಟೇ ಬಿಟ್ಟಳು.

"ಬಿಡಿಯಮ್ಮಾ. ಈ ಅಂಗೀನ ಆಡಳಿತ ಮಂಡಳಿಗೇ ತೋರಿಸ್ತೀನಿ," ಎಂದು ಅವರು ಬಿಡಿಸಿಕೊಂಡು, ನೀರು ಸುರಿಸುತ್ತಲೇ ಕಚೇರಿಗೆ ನಡೆದರು. ಮಂಡಳಿಯ ಅಧ್ಯಕ್ಷರ ಮುಂದೆ ತೋಳು ಚಾಚಿದಾಗ, ನಲ್ಲಿ ನೀರಿಗೆ ಕ್ಷಾರವೆಲ್ಲ ತೊಳೆದುಹೋಗಿ, ಅಲ್ಲಿ ಬಣ್ಣದ ಸುಳಿವೇ ಇರಲಿಲ್ಲ. ಅಂಗಿ ಹಾಲಿನಷ್ಟು ಬೆಳ್ಳಗಿತ್ತು.

"ಒದ್ದೆಯಾಗಿದೆ, ಅಷ್ಟೇ ಅಲ್ವಾ?" ಎಂದರು ಅಧ್ಯಕ್ಷರು.

ಹೆಡ್‌ಮಾಸ್ಟರರು ಪ್ರಯೋಗಾಲಯಕ್ಕೆ ಮರಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಇದರ ಕೆಳಗೆ ಇನ್ನೂ ಏನಾದ್ರೂ ಇದೆಯೇನ್ರೀ?"

"ರುಬಿಡಿಯಂ, ಸೀಸಿಯಂ ಇವೆ ಸಾರ್. ನಮ್ಮಲ್ಲಿಲ್ಲ."

"ತರಿಸೋದೂ ಬೇಡ."

ಮನೆಗೆ ಹೋಗುವಾಗ ಹೆಂಡತಿ, "ಯಾಕ್ರೀ ಕೆಳಗಿಳಿದಷ್ಟೂ ಹಾಗಾಡ್ತವೆ?" ಎಂದು ಕೇಳಿದಳು.

ಮದುವೆಯಾದ ಮೇಲೆ ಆಕೆ ಪಾಠ ಕೇಳಿದ್ದು ಅದೇ ಮೊದಲು. ಪರಮಾಣುವಿನ ಹೊರಗಿನ ಒಂಟಿ ಎಲೆಕ್ಟ್ರಾನ್ ಕೇಂದ್ರದಿಂದ ದೂರವಾದಷ್ಟೂ ಹಿಡಿತ ಸಡಿಲ, ಸಲೀಸಾಗಿ ಬಿಟ್ಟುಹೋಗುತ್ತದೆ ಎಂದು ಮೇಷ್ಟ್ರು ರಸ್ತೆಯ ನಡುವೆಯೇ ನಿಂತು, ಕೈ ಬೀಸಿ ಬೀಸಿ ವಿವರಿಸತೊಡಗಿದರು. ಹಿಂದೆ ನಿಂತ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.