ಕಿಟಕಿ ಬೆಳಕಿನ ಹಲ್ಲಕ್ಕ

ಬಿಸಿಲು ಆಗಷ್ಟೇ ಎದುರು ಕಟ್ಟಡದ ನೀರಿನ ತೊಟ್ಟಿಯನ್ನು ದಾಟಿ ಬಂದಿದೆ. ಹಲ್ಲಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಹಲ್ಲಕ್ಕ ಟ್ಯೂಬ್‌ಲೈಟ್ ಆರಿಸಿ, ಯುವತಿಯೊಬ್ಬಳನ್ನು ಕಿಟಕಿಗೆ ಮುಖ ಮಾಡಿ ಕೂರಿಸಿದ್ದಾರೆ. ಅವರ ಚಿಮಟದ ತುದಿಯಲ್ಲಿ ಒಂದು ಹಲ್ಲಿದೆ.

"ದೀಪ ಸುಳ್ಳು ಹೇಳುತ್ತೆ ಕಣಮ್ಮ. ಬಣ್ಣ ನೋಡೋಕೆ ಈ ಬೆಳಕೇ ಆಗಬೇಕು. ಎಲ್ಲಿ, ಬಾಯಿ ಬಿಡು."

"ಬೆಳಗಿನ ಆಕಳಿಕೆಗೆ ಬಾಯಿ ಬಿಟ್ಟೇ ಇದೆಯಲ್ಲಕ್ಕ!" ಎನ್ನುತ್ತಾಳೆ ಯುವತಿ.

ಹಲ್ಲು ಕಟ್ಟುವುದು ಹಲ್ಲಕ್ಕನ ಕಸುಬು. ಅಂಟಿಸುವವರು ಮುಂದಿನ ಕೋಣೆಯ ಡಾಕ್ಟರು. ಹಲ್ಲಕ್ಕ ಸುಣ್ಣದಂಥ ಅಚ್ಚಿನ ಪುಡಿ ಕಲಸುವ ಬಟ್ಟಲು ತೊಳೆಯಲು ಸೇರಿ, ನೋಡಿ ನೋಡಿಯೇ ಕಲಿತವರು. ಮೂರ್ಛೆರೋಗವಿರುವ ಎಳೆಯರು ಇಲ್ಲಿಗೆ ಆಗಾಗ ಬರುತ್ತಾರೆ. ಮುಗ್ಗರಿಸಿ ಬಿದ್ದರೆ ಮೊದಲ ಪೆಟ್ಟು ಮುಂದಿನ ಹಲ್ಲಿಗೇ. ದಿನವೂ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲು ಫಿಟ್ಸ್ ಬಂದಾಗ ಕಳಚಿ ಗಂಟಲಿಗೆ ಜಾರೀತೆಂದು ಡಾಕ್ಟರು ಇವರಿಗೆ ಅಂಟಿಸುವ ಹಲ್ಲನ್ನೇ ಹೇಳುತ್ತಾರೆ.

ಈ ಯುವತಿಯ ಹಲ್ಲು ಮುರಿದದ್ದು ಬಿದ್ದಲ್ಲ. ಫಿಟ್ಸ್ ಬಂದಾಗ ಗಾಬರಿಯಾದ ತಾಯಿ ಬಾಯಿಗೆ ಚಮಚ ತುರುಕಿದ್ದರು.

"ನಾಲಿಗೆ ಕಚ್ಕೊಂಡ್ಬಿಡ್ತಾಳೆ ಅಂತ..." ಬಾಗಿಲಲ್ಲಿ ನಿಂತ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೆಗೇ ಇರಿ. ಬಾಯಿಗೆ ಏನೂ ಬೇಡ. ಚಮಚ ಊಟಕ್ಕಿರ್ಲಿ, ಅಮ್ಮ," ಎನ್ನುತ್ತಾರೆ ಹಲ್ಲಕ್ಕ. ತಾಯಿಗೂ ನಗು ಬರುತ್ತದೆ, ಅಳುವಿನ ಜೊತೆಗೆ.

ಯುವತಿಯದು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವ ಕೆಲಸ. ಹಲ್ಲು ಮುರಿದ ಮೇಲೆ 'ಸ' ಬಂದಲ್ಲೆಲ್ಲ ಗಾಳಿ ಸೀಟಿ ಹೊಡೆಯಿತು. "ಕಂಡಕ್ಟರಿಗೆ ಕೆಲಸಾನೇ ಉಳಿಸ್ಲಿಲ್ವಲ್ಲೇ!" ಎಂದು ಜೊತೆಯವರು ನಕ್ಕರು. ಮೇಲ್ವಿಚಾರಕರು ನಗಲಿಲ್ಲ, ಮೈಕಿನ ಮುಂದಿನಿಂದ ಎಬ್ಬಿಸಿದರು. ಇವತ್ತು ಮಧ್ಯಾಹ್ನ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಸೀಟಿ ಕೇಳಿಸಿದರೆ ಆ ಕುರ್ಚಿ ಬೇರೆಯವರಿಗೆ.

ಬಣ್ಣ ಒಪ್ಪಿದೆ. ಹಲ್ಲಕ್ಕ ಹಲ್ಲನ್ನು ಕೂರಿಸಿ, ಕಣ್ಣು ಮುಚ್ಚಿಕೊಳ್ಳುತ್ತಾರೆ. "ಹೇಳು."

"ಪ್ರಯಾಣಿಕರ ಗಮನಕ್ಕೆ. ಸಂಜೆಯ ಬಸ್ಸು..."

ಸಣ್ಣ ಸೀಟಿ. ತೆಗೆದು, ಹಲ್ಲಿನ ಬೆನ್ನನ್ನು ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕೂರಿಸುತ್ತಾರೆ. ಮತ್ತೆ "ಹೇಳು." ಮತ್ತೆ ಸಂಜೆಯ ಬಸ್ಸು. ಕಡೆಗೊಮ್ಮೆ ಬರೀ ಮಾತು ಕೇಳಿಸುತ್ತದೆ. ಹಲ್ಲಕ್ಕ ಕಣ್ಣು ತೆರೆಯುತ್ತಾರೆ.

"ನಾನು ಕಟ್ಟಿದ ಹಲ್ಲು ಯಾರ ಕಣ್ಣಿಗೂ ಬೀಳಬಾರದು. ಇವಳದು ಕಿವಿಗೂ ಬೀಳಬಾರದು," ಎನ್ನುತ್ತಾ ಹಲ್ಲಕ್ಕ ಡಾಕ್ಟರ ಕೋಣೆಯ ಕಡೆ ಕೈ ತೋರಿಸುತ್ತಾರೆ.

ಮಧ್ಯಾಹ್ನ ಹಲ್ಲಕ್ಕ ಬುತ್ತಿ ಹಿಡಿದು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದಾರೆ. ಹೋಗಬೇಕಾದ ಊರೇನೂ ಇಲ್ಲ. ತಲೆಯ ಮೇಲಿನ ಸ್ಪೀಕರು ಗೊರಗುಟ್ಟಿ, ಯುವತಿಯ ದನಿ ಕೇಳಿಸುತ್ತದೆ: "ಪ್ರಯಾಣಿಕರ ಗಮನಕ್ಕೆ. ಸಂಜೆಯ ಬಸ್ಸು ಸ್ವಲ್ಪ ತಡವಾಗಿ ಬರಲಿದೆ."

ಪಕ್ಕದಲ್ಲಿ ಕೂತವರು ಚೀಲ ಕುಕ್ಕುತ್ತಾರೆ. "ಮತ್ತೆ ಲೇಟು! ಇವಳಿಗೇನು, ಆರಾಮಾಗಿ ಹೇಳಿಬಿಡ್ತಾಳೆ."

ಹಲ್ಲಕ್ಕ ಬುತ್ತಿ ಬಿಚ್ಚುತ್ತಾರೆ. "ಹೂಂ ಕಣ್ರೀ, ಆರಾಮಾಗಿ ಹೇಳ್ತಿದಾಳೆ."