ಕಮಲವ್ವ ಎಣಿಸದ ಮರಿಗಳು

ಕಮಲವ್ವನ ಮೇಲೆ ನಾನು ರೇಗಿದ್ದು ತಪ್ಪೇ. ಆದರೆ ಆ ದಿನ ನನ್ನ ಜಾಗದಲ್ಲಿ ಯಾರಿದ್ದರೂ ರೇಗುತ್ತಿದ್ದರು.

ಯೂನಿಯನ್ ಸಿಟಿಯ ಕಮಲವ್ವನಿಗೆ ಆಗ ನಲವತ್ತೈದು ವರ್ಷ. ಗಂಡ ಗುರುಶಾಂತಪ್ಪನವರು ಓಕ್ಲ್ಯಾಂಡಿನಲ್ಲಿ ಎಂಜಿನಿಯರು. ನಾನು ಪ್ರಾಣಿಶಾಸ್ತ್ರ ಓದಲು ಮೈಸೂರಿನಿಂದ ಆ ದೇಶಕ್ಕೆ ಬಂದವಳು. ಅಲ್ಲಿನ ಸಮುದ್ರ ಕೊಲ್ಲಿಯ ದಕ್ಷಿಣ ಮೂಲೆಯ ಕೆಸರು ದಂಡೆಗೆ ಸೀಲು ಎಂಬ ಕಡಲಪ್ರಾಣಿಗಳು ಯಾವ ಋತುವಿನಲ್ಲಿ ಎಷ್ಟು ಬರುತ್ತವೆ, ಬಂದವೇ ಮತ್ತೆ ಬರುತ್ತವೆಯೇ ಎಂದು ನೋಡುವ ಕೆಲಸ ಹಿಡಿದಿದ್ದೆ. ಬಿಟ್ಟಿ ದುಡಿಯಲು ಜನ ಬೇಕಿತ್ತು. ೧೯೮೩ರಲ್ಲಿ ಅಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ಕಮಲವ್ವ ಮಾತ್ರ "ನಾ ಬರತೇನಿ" ಎಂದರು.

ಅವರದು ಅಣ್ಣಿಗೇರಿಯಲ್ಲಿ ಎಮ್ಮೆ ಸಾಕಿದ ಮನೆತನ. "ನೂರು ಎಮ್ಮಿಯೊಳಗ ನಮ್ಮ ಎಮ್ಮಿ ಗುರುತು ಹಿಡೀತಿದ್ದೆ. ಇವಕ್ಕ ಮೈತುಂಬ ಚುಕ್ಕಿ ಅದಾವ, ಇನ್ನೂ ಸಲೀಸು" ಎಂದರು. ಬುಧವಾರ ಬುಧವಾರ ದುರ್ಬೀನು ಹಿಡಿದು ಕೂತು ಒಂದೊಂದರ ಚುಕ್ಕಿಯನ್ನೂ ಪುಸ್ತಕದಲ್ಲಿ ಬರೆದರು. ತುಕ್ಕಿನ ಬಣ್ಣದವಳಿಗೆ ಕೆಂಪಿ ಎಂದು ಹೆಸರಿಟ್ಟರು. ತಲೆ ಮೇಲೆ ತಲೆ ಬಿದ್ದರೂ ಬುಧವಾರ ತಪ್ಪಿಸಲಿಲ್ಲ.

೧೯೮೬ರ ಜನವರಿಯಲ್ಲಿ ಆ ದಂಡೆಯ ಎದುರಿಗೇ ದೋಣಿಕಟ್ಟೆ ಕಟ್ಟುವ ನೋಟಿಸು ಬಂತು. ಜೂನಿನಲ್ಲಿ ಅಹವಾಲು ಸಭೆ. ಸೀಲುಗಳು ಮರಿ ಹಾಕಲು ಇಲ್ಲಿಗೇ ಬರುತ್ತವೆಂದು ತೋರಿಸದಿದ್ದರೆ ದಂಡೆ ಕೈಬಿಟ್ಟಂತೆಯೇ. ಅಲ್ಲಿಯವರೆಗೆ ಒಟ್ಟು ಲೆಕ್ಕವನ್ನಷ್ಟೇ ನೋಡುತ್ತಿದ್ದ ನಾನು ಮೂರು ವರ್ಷದ ಪುಸ್ತಕ ತೆಗೆದು ನೋಡಿದೆ. ಮರಿಗಳ ಕಾಲಮ್ಮು ಪೂರ್ತಿ ಖಾಲಿ!

ಪಿತ್ತ ನೆತ್ತಿಗೇರಿ ಕಮಲವ್ವನ ಮನೆಗೇ ಹೋದೆ. "ಏನಕ್ಕಾ ಇದು? ಮೂರು ವರ್ಷದ ಡೇಟಾ ಹಾಳು ಮಾಡಿದ್ರಲ್ಲ!"

"ಕೂಸುಗಳನ್ನ ಎಣಸಬಾರದು, ನಿರುಪಮಾ. ಕಣ್ಣು ಹತ್ತತಾವ."

ನಾನು ಮೂಢನಂಬಿಕೆ, ಅದು ಇದು ಎಂದು ಬಾಯಿಗೆ ಬಂದದ್ದು ಆಡಿದೆ. ಅವರು ಒಳಗೆ ಹೋದರು. ನನ್ನನ್ನು ಕಾರಿನವರೆಗೆ ಬಿಡಲು ಬಂದ ಗುರುಶಾಂತಪ್ಪನವರು ಮೆಲ್ಲಗೆ ಹೇಳಿದರು: "ಆಕಿ ಎರಡು ಕೂಸು ಕಳಕೊಂಡಾಳ್ರೀ. ಎರಡನೇದು ಹುಟ್ಟಿದಾಗ ಮಂದಿ ಮುಂದ 'ನನಗ ಇಬ್ಬರು' ಅಂತ ಹಿಗ್ಗಿ ಎಣಸಿದ್ಲು. ವರ್ಷದೊಳಗ ಎರಡೂ ಜ್ವರದಾಗ ಹೋದವು. ನೀ ಎಣಸಿದ್ದಕ್ಕ ಹೋದವು ಅಂತ ನಮ್ಮವ್ವ ಸಾಯೋತನಕ ಅಂದ್ಲು."

ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಕಮಲವ್ವನೇ ಫೋನು ಮಾಡಿದರು.

"ಆ ಒತ್ತಿ ಎಣಸೋ ಮಷೀನು ತಗೊಂಬಾ."

"ಬೇಡ ಅಕ್ಕಾ, ಮರಿಗಳನ್ನ ನಾನೇ ಎಣಿಸ್ತೀನಿ."

"ಯಾವ ಮರಿ ಯಾರದು ಅಂತ ನಿನಗೇನು ಗೊತ್ತು? ಎಣಸದಿದ್ರ ಅವಕ್ಕ ಜಾಗ ಉಳಿಯಂಗಿಲ್ಲ. ಎಣಸತೇನಿ."

ಮಾರ್ಚಿ ಕೊನೆಗೆ ಮರಿಗಳು ಹುಟ್ಟತೊಡಗಿದವು. ಕಮಲವ್ವ ಒಂದೊಂದು ಮರಿಗೂ ಮಷೀನಿನ ಗುಂಡಿ ಒತ್ತಿದರು. ಏಪ್ರಿಲಿನ ಎರಡನೇ ಬುಧವಾರ ಕೆಂಪಿಯ ಮರಿ ದಂಡೆಯಲ್ಲಿ ಸತ್ತು ಬಿದ್ದಿತ್ತು. ಕಮಲವ್ವ ಅಲ್ಲೇ ಕುಸಿದು ಅತ್ತರು. ಸಾಕು ಮಾಡು ಎಂದು ಜೊತೆಗೆ ಬಂದಿದ್ದ ಗಂಡ ಅಂಗಲಾಚಿದರು. ನನಗೂ ಹಾಗೇ ಅನ್ನಿಸಿತು. ಅವರು ಸೆರಗಿನಿಂದ ದುರ್ಬೀನು ಒರೆಸಿ, "ಇನ್ನೂ ಹುಟ್ಟೋವು ಅದಾವ" ಎಂದು ಎದ್ದು ನಿಂತರು. ಮೇ ಮುಗಿಯುವ ಹೊತ್ತಿಗೆ ಹುಟ್ಟಿದ್ದು ನಲವತ್ತೊಂದು, ಸತ್ತದ್ದು ಮೂರು. ಎರಡನ್ನೂ ಅವರೇ ಬರೆದರು.

ಜೂನಿನ ಸಭೆಯಲ್ಲಿ ಕಮಲವ್ವ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಚಳಿಗಾಲದಲ್ಲಿ ಮೂವತ್ತರ ಆಸುಪಾಸು, ವಸಂತದಲ್ಲಿ ನೂರು ದಾಟುತ್ತವೆ. ಇಪ್ಪತ್ತಾರು ತಾಯಂದಿರು ನಾಲ್ಕು ವರ್ಷವೂ ಅದೇ ದಂಡೆಗೆ ಬಂದಿದ್ದಾರೆ. ಕಟ್ಟೆಯ ಗುತ್ತಿಗೆದಾರ ನಕ್ಕು, ಕೊಲ್ಲಿ ದೊಡ್ಡದಿದೆ, ತೊಂದರೆಯಾದರೆ ಬೇರೆ ಕಡೆ ಹೋಗುತ್ತವೆ ಬಿಡಿ ಎಂದ. ನಾನು ಅದನ್ನು ಕನ್ನಡದಲ್ಲಿ ತಿಳಿಸಿದೆ.

ಕಮಲವ್ವ ಅವನನ್ನೇ ನೋಡಿ ಹೇಳಿದರು: "ಕೂಸು ಸತ್ತ ದಂಡಿಗೇ ಕೆಂಪಿ ಮರುವಾರ ಬಂದು ಮಲಗಿದ್ಲು. ಅದರ ಮರುವಾರನೂ ಬಂದ್ಲು. ನನ್ನವು ಎರಡನ್ನೂ ಮಣ್ಣಾಗಿಟ್ಟು ನಾ ಇಷ್ಟು ದೂರ ಬಂದೆ. ಆಕಿ ಬಿಟ್ಟು ಹೋಗಲಿಲ್ಲ."

ಮೊದಲೆರಡು ಮಾತುಗಳನ್ನು ಇಂಗ್ಲಿಷಿಗೆ ತಂದೆ. ಉಳಿದದ್ದನ್ನು ಹೇಳದೆ ಕಾಗದಗಳನ್ನು ಜೋಡಿಸಿಕೊಂಡು ಕೂತುಬಿಟ್ಟೆ.

ಕಟ್ಟೆ ಅಲ್ಲಿ ಬೇಡವೆಂದು ಆಗಸ್ಟಿನಲ್ಲಿ ತೀರ್ಪು ಬಂತು. ಅದರಲ್ಲಿ ನಲವತ್ತೊಂದೂ ಇತ್ತು, ಮೂರೂ ಇತ್ತು. ಅವರ ಕೊನೆಯ ಮಾತು ಇರಲಿಲ್ಲ. ನಾನು ಅಂದು ಹೇಳಲಾರದೆ ಹೋದೆನಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.